11ನೇ ವಚನಕ್ಕೆ ಮುಂಚೆ 10 ಓದಿ

ಪರೀಕ್ಷೆಗೆ ಹೋಗುವ ಮಕ್ಕಳಿಗೆ, ಕೆಲಸ ಹುಡುಕುವವರಿಗೆ ನಾವು ಸಾಮಾನ್ಯವಾಗಿ ಕಳಿಸುವ ಬೈಬಲ್ ವಚನ ಯೆರೆಮೀಯ 29:11, ಅಂದರೆ ಪ್ರವಾದಿ ಯೆರೆಮೀಯನ ಪುಸ್ತಕದ 29ನೇ ಅಧ್ಯಾಯದ 11ನೇ ವಚನ. ದೇವರು ನಿಮಗೆ ಒಳ್ಳೆಯ ಭವಿಷ್ಯ ಇಟ್ಟಿದ್ದಾನೆ ಅನ್ನುವ ಮಾತು. ನನಗೂ ಅದು ತುಂಬಾ ಇಷ್ಟ. ಅದಕ್ಕೇ ನಮ್ಮ ಮನೆಕೂಟದಲ್ಲಿ ಹೇಳುತ್ತಿರುತ್ತೇನೆ, ಸೀದಾ 11ಕ್ಕೆ ಹೋಗಬೇಡಿ, 1ರಿಂದ ಶುರು ಮಾಡಿ ಅಂತ.

ಈ ಅಧ್ಯಾಯದಲ್ಲಿರುವುದು ಒಂದು ಪತ್ರ. ಯಾರು ಯಾರಿಗೆ ಬರೆದರು ಅಂತ ಪೆನ್ಸಿಲ್‌ನಲ್ಲಿ ಪಕ್ಕದಲ್ಲಿ ಗುರುತು ಮಾಡಿಕೊಳ್ಳಿ. ಯೆರೂಸಲೇಮಿನಿಂದ ಯೆರೆಮೀಯ ಬರೆದದ್ದು. ಓದುವವರು, ಕ್ರಿ.ಪೂ. 597ರಲ್ಲಿ ಬಾಬೆಲಿನ (ಬ್ಯಾಬಿಲೋನಿನ) ರಾಜ ನೆಬೂಕದ್ನೆಚ್ಚರ ತನ್ನ ದೇಶಕ್ಕೆ ಸೆರೆ ಒಯ್ದ ಯೆಹೂದ್ಯರು.

ಈಗ ಒಂದು ಅಧ್ಯಾಯ ಹಿಂದಕ್ಕೆ ಹೋಗಿ. 28ರಲ್ಲಿ ಹನನ್ಯ ಎಂಬ ಪ್ರವಾದಿ, ಎರಡೇ ವರ್ಷದಲ್ಲಿ ಸೆರೆಯಾದವರು ವಾಪಸ್ ಬರುತ್ತಾರೆ ಅನ್ನುತ್ತಾನೆ. ಎಲ್ಲರಿಗೂ ಬೇಕಾಗಿದ್ದ ಮಾತು ಅದೇ, ಅಲ್ವಾ? ಯೆರೆಮೀಯ ಅದನ್ನು ಒಪ್ಪುವುದಿಲ್ಲ. 29ರ ಪತ್ರದಲ್ಲಿ, ಬಾಬೆಲಿನಲ್ಲೇ ಮನೆ ಕಟ್ಟಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ, ನಿಮ್ಮನ್ನು ಸೆರೆ ಇಟ್ಟ ಊರಿಗಾಗಿ ಪ್ರಾರ್ಥಿಸಿ ಅನ್ನುತ್ತಾನೆ. 10ನೇ ವಚನದಲ್ಲಿ, 70 ವರ್ಷ ಆದ ಮೇಲೆ ವಾಪಸ್ ಎಂದಿದೆ. ಪತ್ರ ಕೇಳಿಸಿಕೊಂಡ ನಲವತ್ತರ ಮನುಷ್ಯನಿಗೆ ಇದರ ಅರ್ಥ, ತಾನು ಬದುಕಿರುವಾಗ ಊರು ನೋಡುವುದಿಲ್ಲ ಅಂತ. ಇಷ್ಟು ತಿಳಿದ ಮೇಲೆ 11 ಓದಿ. ಅದರ ತೂಕ ಜಾಸ್ತಿಯಾಗುತ್ತದೆ, ಕಡಿಮೆಯಾಗುವುದಿಲ್ಲ.

ಇಷ್ಟಾದ ಮೇಲೆ ನಮ್ಮ ಬದುಕಿಗೆ ಏನು ಹೇಳುತ್ತದೆ ಎಂದು ಕೇಳಿ. ನನ್ನನ್ನು ಬಲಪಡಿಸುವಾತನಿಂದ ಎಲ್ಲವನ್ನೂ ಮಾಡಬಲ್ಲೆ ಅನ್ನುವ ಫಿಲಿಪ್ಪಿ 4:13ಕ್ಕೂ ಇದೇ ದಾರಿ: ಅದನ್ನು ಬರೆದ, ಸೆರೆಯಲ್ಲಿದ್ದ ಅಪೊಸ್ತಲ ಪೌಲ ಹಸಿವಿನ ಬಗ್ಗೆ ಹೇಳುವ 12ನ್ನು ಮೊದಲು ಓದಿ. ಟೈಮ್ ಇಲ್ಲದಿದ್ದರೆ ಹಿಂದೆ ಹತ್ತು, ಮುಂದೆ ಹತ್ತು ವಚನವಾದರೂ ಓದಿ.