ಕಸಿಗೆ ಮುಂಚಿನ ಆರು ದಿನ: ರೋಗಿಯ ಜೊತೆಗಿರುವವರು ಏನು ಮಾಡಬೇಕು?

ಲಿಂಫೋಮಾ ಎಂಬ ರಕ್ತದ ಕ್ಯಾನ್ಸರ್ ಮರುಕಳಿಸಿದಾಗ ಎಷ್ಟೋ ಜನರಿಗೆ ಸ್ಟೆಮ್ ಸೆಲ್ (ರಕ್ತ ಹುಟ್ಟಿಸುವ ಮೂಲಕೋಶ) ಕಸಿ ಮಾಡುತ್ತಾರೆ. ರೋಗಿಯದೇ ಸೆಲ್‌ಗಳನ್ನು ಮೊದಲೇ ತೆಗೆದಿಟ್ಟು, ಜೋರು ಡೋಸಿನ ಕೀಮೋ ಕೊಟ್ಟು, ಆಮೇಲೆ ಅವನ್ನು ವಾಪಸ್ ಮೈಗೆ ಬಿಡುತ್ತಾರೆ. ನಡುವಿನ ಆ ಕೀಮೋಗೆ ಕಂಡೀಷನಿಂಗ್ ಅಂತ ಹೆಸರು. ಉಳಿದ ಕ್ಯಾನ್ಸರ್ ಮೇಲೆ ಏಟು ಬೀಳುವುದು ಈ ಕೀಮೋದಿಂದ. ಆ ಏಟಿಗೆ ಬರಿದಾದ ಮೂಳೆಮಜ್ಜೆಯನ್ನು ಸ್ಟೆಮ್ ಸೆಲ್ ಮತ್ತೆ ತುಂಬುತ್ತದೆ. ಮನೆಯವರು ಮಾತ್ರ ಕಸಿಯ ದಿನಕ್ಕೇ ಕಾದು, ಅವತ್ತು ಊರಿಂದ ಎಲ್ಲರೂ ಬರುತ್ತಾರೆ. ನಿಮ್ಮ ಕೈ ಬೇಕಾಗಿರುವುದು ಅದಕ್ಕೆ ಮುಂಚಿನ ಆರು ದಿನ. ಕಸಿ ವಾರ್ಡಿನ ನರ್ಸ್ ಆಗಿ ಇದನ್ನು ಮತ್ತೆ ಮತ್ತೆ ನೋಡಿದ್ದೇನೆ.

ದಾಖಲಾಗುವ ಮುಂಚೆ: ಹಲ್ಲಿನ ಡಾಕ್ಟರಿಗೆ ತೋರಿಸಿ, ಹೃದಯದ ಎಕೋ ಸ್ಕ್ಯಾನ್ ಮತ್ತು ಶ್ವಾಸಕೋಶದ ಪರೀಕ್ಷೆ ಮುಗಿಸಿ. ಈ ಕೀಮೋದಿಂದ ಮಕ್ಕಳಾಗುವ ಶಕ್ತಿ ಕುಂದಬಹುದು, ಮುಂದೆ ಮಕ್ಕಳು ಬೇಕು ಅನ್ನುವವರು ಅದರ ಬಗ್ಗೆ ಈಗಲೇ ಕೇಳಿ. ಬಹಳ ಜನ ಸಂಕೋಚಪಟ್ಟು ಸುಮ್ಮನಾಗುತ್ತಾರೆ, ಆಮೇಲೆ ಕಾಲ ಮಿಂಚಿರುತ್ತದೆ. ಕಷಾಯ, ಅಮೃತಬಳ್ಳಿ ರಸ ಇದ್ದರೆ ನಿಲ್ಲಿಸಿ, ಕುಡಿದಿದ್ದನ್ನು ಡಾಕ್ಟರಿಗೆ ಹೇಳಿ. ಅಮೃತಬಳ್ಳಿಯಿಂದ ಲಿವರ್‌ಗೆ ಪೆಟ್ಟಾದ ಪ್ರಕರಣಗಳನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ.

ಮೈನಸ್ 6ನೇ ದಿನ (ಕಸಿಗೆ ಆರು ದಿನ ಮುಂಚೆ): ಕಂಡೀಷನಿಂಗ್‌ಗೆ ಹೆಚ್ಚು ಬಳಕೆಯಲ್ಲಿರುವುದು ಬೀಮ್ ಎಂಬ ನಾಲ್ಕು ಔಷಧಿಗಳ ಜೋಡಣೆ. ಮೊದಲನೆಯದು ಕಾರ್ಮಸ್ಟೀನ್. ಇದು ಹೋಗುವಾಗ ಮುಖ ಕೆಂಪಾಗಬಹುದು, ಗಾಬರಿ ಬೇಡ, ನರ್ಸ್‌ಗೆ ಹೇಳಿ. ಈ ಔಷಧಿ ಸಿಗದಿದ್ದರೆ ಲೋಮಸ್ಟೀನ್ ಕ್ಯಾಪ್ಸೂಲ್ ಅಥವಾ ಬೆಂಡಾಮಸ್ಟೀನ್ ಕೊಡುವುದೂ ಉಂಟು. ಕಾರ್ಮಸ್ಟೀನ್ ಪಡೆದವರಿಗೆ ಮನೆಗೆ ಹೋಗಿ ತಿಂಗಳಾದ ಮೇಲೂ ಒಣಕೆಮ್ಮು, ಏದುಸಿರು ಬಂದರೆ ಸಿರಪ್ ಕುಡಿಸುತ್ತಾ ಕೂರಬೇಡಿ. ಅದು ಶ್ವಾಸಕೋಶದ ತೊಂದರೆ ಇರಬಹುದು, ಕಸಿ ಮಾಡಿದವರಿಗೇ ಫೋನ್ ಮಾಡಿ.

ಮೈನಸ್ 5ರಿಂದ ಮೈನಸ್ 2: ಎಟೊಪೊಸೈಡ್, ಸೈಟರಬೀನ್. ಬೇಗ ಮುಗಿಯಲಿ ಅಂತ ಡ್ರಿಪ್ಪಿನ ಚಕ್ರವನ್ನು ನೀವೇ ತಿರುಗಿಸಬೇಡಿ. ಎಟೊಪೊಸೈಡ್ ಜೋರಾಗಿ ಹೋದರೆ ಬಿಪಿ ಕುಸಿಯುತ್ತದೆ.

ಮೈನಸ್ 1, ಮೆಲ್ಫಲಾನ್: ಎಲ್ಲರೂ ಎಡವುವುದು ಇಲ್ಲಿಯೇ. ಮೆಲ್ಫಲಾನ್ ಬಾಯಿಯ ಒಳಪದರವನ್ನು ಸುಡುತ್ತದೆ. ಕೆಲವು ದಿನಗಳ ನಂತರ ಹುಣ್ಣಾಗಿ ಎಂಜಲು ನುಂಗುವುದೂ ಕಷ್ಟವಾಗುತ್ತದೆ. ಔಷಧಿ ಹೋಗುವಾಗ ಬಾಯಿ ತಣ್ಣಗಿದ್ದರೆ ಅಲ್ಲಿನ ರಕ್ತನಾಳ ಕುಗ್ಗಿ, ಬಾಯಿಗೆ ಸೇರುವ ಔಷಧಿ ಕಡಿಮೆಯಾಗುತ್ತದೆ. ಅದಕ್ಕೇ ಐಸ್.

ಐಸ್ ಹಿಂದಿನ ದಿನವೇ ಸಿದ್ಧವಿರಲಿ. ಕಲಸಿದ ಮೆಲ್ಫಲಾನ್ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಫಾರ್ಮಸಿಯಿಂದ ಬಂದ ಕೂಡಲೇ ಹಾಕಬೇಕು, ನಿಮ್ಮ ಐಸ್ ಬರಲಿ ಅಂತ ಯಾರೂ ಕಾಯುವುದಿಲ್ಲ. ವಾರ್ಡಿನಲ್ಲೇ ಕೊಡುತ್ತಾರಾ ಅಂತ ಮೊದಲು ಕೇಳಿ. ಇಲ್ಲವಾದರೆ ಕುದಿಸಿ ಆರಿಸಿದ ನೀರನ್ನು ಮುಚ್ಚಳವಿರುವ ಟ್ರೇಯಲ್ಲಿ ಗಟ್ಟಿ ಮಾಡಿ. ಹೊಸ ಜಿಪ್ ಕವರಿಗೆ ಹಾಕಿ ಲಟ್ಟಣಿಗೆಯಿಂದ ಕುಟ್ಟಿ, ಕಲ್ಲುಸಕ್ಕರೆಯಷ್ಟು ಚೂರು ಮಾಡಿ. ಇಡೀ ಕ್ಯೂಬ್ ನನಗೆ ಒಪ್ಪಿಗೆಯಿಲ್ಲ. ಅದರ ಅಂಚು ಚುಚ್ಚುತ್ತದೆ, ಒಂದೇ ಕೆನ್ನೆಗೆ ಅಂಟಿ ಕೂರುತ್ತದೆ. ಅಂಗಡಿಯ ಐಸ್ ಕ್ಯಾಂಡಿ, ಗೋಲಾ ಬೇಡವೇ ಬೇಡ. ಆ ನೀರು ಎಲ್ಲಿಯದೋ! ಬರೀ ತಣ್ಣೀರು ಕುಡಿಸುವುದೂ ಸಾಲದು.

ಡ್ರಿಪ್ ಶುರುವಾಗುವ ಐದು ಹತ್ತು ನಿಮಿಷ ಮುಂಚೆ ಬಾಯಿ ತುಂಬಾ ಐಸ್ ಹಾಕಿ. ಹಲ್ಲಿನ ಸೆಟ್ ಇದ್ದರೆ ತೆಗೆದಿಡಿ. ಎಡಗೆನ್ನೆ, ಬಲಗೆನ್ನೆ, ನಾಲಿಗೆಯ ಅಡಿ, ತುಟಿಯ ಒಳಗೆ ಐಸ್ ಆಡುತ್ತಿರಬೇಕು. ಪೂರ್ತಿ ಕರಗುವ ಮುಂಚೆ ಮುಂದಿನ ಚಮಚ ಕೊಡಿ. ಡ್ರಿಪ್ ಮುಗಿದ ಮೇಲೂ ಕಡೇ ಪಕ್ಷ ಅರ್ಧ ಗಂಟೆ, ವಾರ್ಡಿನವರು ಇನ್ನೂ ಹೊತ್ತು ಅಂದರೆ ಅಷ್ಟೂ ಹೊತ್ತು ಮುಂದುವರಿಸಿ. ಬಾಟಲಿ ಖಾಲಿಯಾದ ಕೂಡಲೇ ‘ಸಾಕು, ಪಾಪ ಹಲ್ಲು ಜುಮ್ ಅಂತಿದೆ’ ಅಂತ ನಿಲ್ಲಿಸುವವರೇ ಜಾಸ್ತಿ. ಔಷಧಿ ಆಗಿನ್ನೂ ರಕ್ತದಲ್ಲಿರುತ್ತದೆ. ನಡುವೆ ಬಿಸಿ ಕಾಫಿ ಬೇಡ, ಫೋನಿನಲ್ಲಿ ಮಾತೂ ಬೇಡ. ಚಳಿಯಾದರೆ ಕಂಬಳಿ ಹೊದಿಸಿ, ಸಾಕ್ಸ್ ಹಾಕಿ. ಹಲ್ಲು ತಡೆಯಲಾರದಷ್ಟು ನೋಯುತ್ತಿದ್ದರೆ ನರ್ಸ್‌ಗೆ ಹೇಳಿ.

ಅಂದಿನಿಂದ ಮೆತ್ತನೆಯ ಬ್ರಷ್ ಬಳಸಿ. ಕುದಿಸಿ ಆರಿಸಿದ ನೀರಿಗೆ ಉಪ್ಪು, ಅಡಿಗೆ ಸೋಡಾ ಬೆರೆಸಿ ದಿನಕ್ಕೆ ನಾಲ್ಕಾರು ಸಲ ಬಾಯಿ ಮುಕ್ಕಳಿಸಲಿ. ಆಲ್ಕೋಹಾಲ್ ಇರುವ ಘಮಘಮ ಮೌತ್‌ವಾಶ್ ಮನೆಯಲ್ಲೇ ಬಿಟ್ಟು ಬನ್ನಿ. ಗಾಯದ ಮೇಲೆ ಅದು ಉರಿಯುತ್ತದೆ.

ಡೇ ಜೀರೊ, ಅಂದರೆ ಕಸಿಯ ದಿನ: ಸೆಲ್‌ಗಳು ರಕ್ತ ಕೊಟ್ಟಂತೆಯೇ ಲೈನಿನಲ್ಲಿ ಹೋಗುತ್ತವೆ. ಫ್ರೀಜ್ ಮಾಡಿದ ಚೀಲವಾದರೆ ಬೆಳ್ಳುಳ್ಳಿಯಂಥ ವಾಸನೆ ಬರುತ್ತದೆ, ಅದು ಸೆಲ್ ಕೆಡದಂತೆ ಬೆರೆಸಿದ ಸಂರಕ್ಷಕದ್ದು.

ಆಮೇಲೆ: ರಕ್ತ ಬೇಕಾದಾಗ ‘ನನ್ನದೇ ಕೊಡಿ, ಒಡಹುಟ್ಟಿದವನು’ ಎಂದು ಅಣ್ಣತಮ್ಮಂದಿರು ಮುಂದೆ ಬರುತ್ತಾರೆ. ಮನಸ್ಸು ದೊಡ್ಡದು, ಆದರೆ ಬೇಡ. ಹತ್ತಿರದ ಸಂಬಂಧಿಕರ ರಕ್ತದ ಬಿಳಿ ಕಣಗಳು ರೋಗಿಯ ಮೈಯಲ್ಲೇ ಬೇರೂರಿ ಅವರ ಮೇಲೆ ತಿರುಗಿಬೀಳುವ ಅಪಾಯ ಹೆಚ್ಚು. ಅದಕ್ಕೇ ಇವರಿಗೆ ವಿಕಿರಣ ಹಾಯಿಸಿದ ರಕ್ತವನ್ನೇ ಕೊಡಬೇಕು. ಚೀಲದ ಮೇಲೆ ಆ ಗುರುತು ಇದೆಯಾ ಅಂತ ಕೇಳುವುದರಲ್ಲಿ ತಪ್ಪಿಲ್ಲ. ತಮ್ಮ ಬೇಕಾದರೆ ಬೇರೆ ರೋಗಿಗಾಗಿ ಕೊಡಲಿ.

ಕೌಂಟ್ (ರಕ್ತಕಣಗಳ ಸಂಖ್ಯೆ) ಏರಲು ಸಾಮಾನ್ಯವಾಗಿ ಹತ್ತರಿಂದ ಹದಿನಾಲ್ಕು ದಿನ ಬೇಕು. ಅಲ್ಲಿಯವರೆಗೆ ಹಸಿ ಕೋಸಂಬರಿ, ಹೊರಗಿನ ಚಟ್ನಿ ಕೊಡಬೇಡಿ. ಜ್ವರ 38 ಡಿಗ್ರಿ ಮುಟ್ಟಿದರೆ ಬ್ಯಾಗಿನಲ್ಲಿರುವ ಡೋಲೊ ನುಂಗಿಸಬೇಡಿ. ಅದು ಜ್ವರವನ್ನು ಮುಚ್ಚಿಡುತ್ತದೆ, ಸೋಂಕನ್ನು ನಿಲ್ಲಿಸುವುದಿಲ್ಲ. ರಾತ್ರಿ ಎರಡು ಗಂಟೆಯಾದರೂ ಸರಿ, ಬೆಲ್ ಒತ್ತಿ ನಮ್ಮನ್ನು ಕರೆಯಿರಿ.