ಮನಸ್ಸು ಕುಗ್ಗಿದೆಯಾ? ಒಮ್ಮೆ ರಕ್ತ ಪರೀಕ್ಷೆನೂ ಮಾಡಿಸಿ

ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆ ಯಾರಾದರೂ ನಾಲ್ಕು ದಿನ ಮಂಕಾಗಿ ಕೂತರೆ ಮನೆಯವರು ಮೊದಲು ದೃಷ್ಟಿ ತೆಗೆಯುತ್ತಾರೆ, ಆಮೇಲೆ ದೇವರಿಗೆ ಕರೆದುಕೊಂಡು ಹೋಗುತ್ತಾರೆ, ಅದೂ ಆದ ಮೇಲೆ "ಸುಮ್ನೆ ಯೋಚನೆ ಮಾಡಬೇಡ, ಕೆಲಸ ನೋಡು" ಅಂತಾರೆ. ದೇವರಿಗೆ ಹೋಗಿ, ಬೇಡ ಅನ್ನಲ್ಲ. ಆದರೆ ಎರಡು ವಾರವಾದರೂ ಬೇಸರ ಇಳಿಯದೆ, ನಿದ್ದೆ, ಊಟ, ಕೆಲಸ ಎಲ್ಲ ಕೆಟ್ಟಿದ್ದರೆ ಡಾಕ್ಟರ ಹತ್ತಿರ ಹೋಗಲೇಬೇಕು. ಖಿನ್ನತೆಗೆ ಮೈಯೊಳಗಿನ ಕಾರಣವೂ ಇರಬಹುದು.

ಸಾಯುವ ಯೋಚನೆ ಬರುತ್ತಿದ್ದರೆ ಮಾತ್ರ ಯಾವ ಪರೀಕ್ಷೆಗೂ ಕಾಯಬೇಡಿ. ಟೆಲಿ ಮಾನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಈಗಲೇ ಫೋನ್ ಮಾಡಿ. ದುಡ್ಡು ಬೀಳಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮನೆಯವರು ಅವರನ್ನು ಒಂಟಿಯಾಗಿ ಬಿಡಬೇಡಿ, ಹೊಲಕ್ಕೆ ಹೊಡೆಯುವ ಔಷಧವನ್ನು ಮನೆಯಿಂದ ದೂರ ಸಾಗಿಸಿ.

ಡಾಕ್ಟರ ಹತ್ತಿರ ನಾಲ್ಕು ಪರೀಕ್ಷೆ ಕೇಳಿ: ಹಿಮೋಗ್ಲೋಬಿನ್ (ರಕ್ತ ಕಡಿಮೆ ಇದೆಯಾ ಅಂತ ನೋಡಲು), ಥೈರಾಯ್ಡ್‌ನ ಟಿಎಸ್ಎಚ್, ವಿಟಮಿನ್ ಬಿ12, ಸಕ್ಕರೆ. ಥೈರಾಯ್ಡ್ ಕಡಿಮೆಯಾದರೆ ಮೈ ಭಾರ, ಮಲಬದ್ಧತೆ, ಚರ್ಮ ಒಣಗೋದು, ಅದರ ಜೊತೆ ಮನಸ್ಸೂ ಮಂಕು. ಹೆರಿಗೆಯಾದ ಮೊದಲ ವರ್ಷದಲ್ಲೂ ಥೈರಾಯ್ಡ್ ಏರುಪೇರಾಗಬಹುದು, ಹಾಗಾಗಿ ಬಾಣಂತಿ ಅಳುತ್ತಾ ಕೂತರೆ ಬೈಯಬೇಡಿ, ಪರೀಕ್ಷೆ ಮಾಡಿಸಿ.

ಬಿ12 ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳಬೇಕು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಎಲ್ಲ ಒಳ್ಳೆಯ ಊಟವೇ, ಆದರೆ ಇವುಗಳಲ್ಲಿ ಬಿ12 ಇಲ್ಲ. ಹಾಲು, ಮೊಸರು, ಮೊಟ್ಟೆ, ಮಾಂಸದಿಂದಲೇ ಬರಬೇಕು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಗ್ಯಾಸ್‌ಗೆ ದಿನಾ ಬೆಳಿಗ್ಗೆ ಪ್ಯಾಂಟೊಪ್ರಜೋಲ್ ಅಂತ ವರ್ಷಗಟ್ಟಲೆ ನುಂಗುವವರಿಗೆ ಇದು ಇನ್ನೂ ಕಡಿಮೆಯಾಗುತ್ತದೆ. ಕಾಲು ಜುಮ್ಮೆನ್ನುವುದು, ನಾಲಿಗೆ ಉರಿ, ಮರೆವು ಇದ್ದರೆ ಅನುಮಾನ ಪಡಿ. ನಮ್ಮ ಕಡೆ ಸುಸ್ತು ಅಂದ ಕೂಡಲೇ ಒಂದು ಕೆಂಪು ಇಂಜೆಕ್ಷನ್ ಹಾಕಿಸಿಕೊಳ್ಳುವ ರೂಢಿ ಇದೆ, ಅಲ್ವಾ? ಬಹಳ ಸಲ ಅದು ಬಿ12 ಇರುವ ಇಂಜೆಕ್ಷನ್ನೇ. ರಕ್ತ ಕೊಡುವ ಮೊದಲು ಅದನ್ನು ಹಾಕಿಸಿಕೊಂಡರೆ ರಿಪೋರ್ಟ್ ಚೆನ್ನಾಗಿ ಬಂದುಬಿಡುತ್ತದೆ, ನಿಜವಾದ ಕೊರತೆ ಮುಚ್ಚಿಹೋಗುತ್ತದೆ. ಮೊದಲು ಪರೀಕ್ಷೆ, ಆಮೇಲೆ ಇಂಜೆಕ್ಷನ್.

ರಕ್ತ ಕಡಿಮೆ ಇದೆ ಅಂತ ಕಬ್ಬಿಣದ ಮಾತ್ರೆ ಕೊಟ್ಟರೆ ಚಹಾದ ಜೊತೆ ನುಂಗಬೇಡಿ, ಮೈಗೆ ಹತ್ತಲ್ಲ. ನಿಂಬೆ ನೀರಿನ ಜೊತೆ ತಗೊಳ್ಳಿ.

ಹೋಗುವಾಗ ಮನೆಯಲ್ಲಿರುವ ಮಾತ್ರೆ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ, ಮಂಡಿನೋವಿಗೆ ಯಾರೋ ಕಟ್ಟಿಕೊಟ್ಟ ಹೆಸರಿಲ್ಲದ ಪುಡಿ ಸಹಿತ. ಅಂಥ ಪುಡಿಯಲ್ಲಿ ಸ್ಟಿರಾಯ್ಡ್ ಇರಬಹುದು, ಸ್ಟಿರಾಯ್ಡ್ ಮನಸ್ಸನ್ನು ಕೆಡಿಸಬಲ್ಲದು. ಹಾಗಂತ ನೀವೇ ಏಕಾಏಕಿ ನಿಲ್ಲಿಸಬೇಡಿ, ಅದು ಅಪಾಯ. ಎಷ್ಟು ಕುಡಿಯುತ್ತೀರಿ ಅನ್ನೋದನ್ನೂ ಮುಚ್ಚಿಡದೆ ಹೇಳಿ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಹಟ್ಟಿ ಗಣಿ ಅಂಥ ಕಡೆ ರಾತ್ರಿ ಪಾಳಿ ಮಾಡುವವರು ಪಾಳಿಯ ವಿಷಯ ಹೇಳಲೇಬೇಕು, ನಿದ್ದೆಯ ಹೊತ್ತು ಅದಲು ಬದಲಾದರೆ ಮನಸ್ಸಿಗೂ ಪೆಟ್ಟು ಬೀಳುತ್ತದೆ. ಜೋರಾಗಿ ಗೊರಕೆ ಹೊಡೆದು ಮಧ್ಯೆ ಉಸಿರು ಕಟ್ಟುತ್ತದೆ ಅಂತ ಹೆಂಡತಿ ಹೇಳಿದ್ದರೆ ಅದನ್ನೂ ಹೇಳಿ.

ಎಲ್ಲ ರಿಪೋರ್ಟ್ ನಾರ್ಮಲ್ ಬಂತು ಅನ್ನಿ. ಆಗ ಮನೆಯವರು "ನೋಡು, ಏನೂ ಇಲ್ಲ, ನಾಟಕ" ಅಂದುಬಿಡುತ್ತಾರೆ. ಇದು ದೊಡ್ಡ ಅನ್ಯಾಯ. ಖಿನ್ನತೆಯನ್ನು ಹಿಡಿಯುವ ರಕ್ತ ಪರೀಕ್ಷೆಯೇ ಇಲ್ಲ. ಮನಸ್ಸಿಗೆ ಸಂಬಂಧಪಟ್ಟ ಸಿರೊಟೋನಿನ್ ಅನ್ನೋ ರಾಸಾಯನಿಕ ನೋಡುತ್ತೇವೆ ಅಂತ ಯಾರಾದರೂ ಪ್ಯಾಕೇಜ್ ಮಾರಿದರೆ ದುಡ್ಡು ಕಳೆಯಬೇಡಿ, ರಕ್ತದಲ್ಲಿರುವುದನ್ನು ಅಳೆದರೆ ಮಿದುಳಿನ ಲೆಕ್ಕ ಸಿಗಲ್ಲ. ವಂಶದಲ್ಲಿ ಯಾರಿಗಾದರೂ ಇದ್ದರೆ ಬರುವ ಸಾಧ್ಯತೆ ಜಾಸ್ತಿ, ಅದು ಯಾರ ತಪ್ಪೂ ಅಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜು ಇದೆ, ಅಲ್ಲಿನ ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ ಮಾನಸಿಕ ರೋಗ ವಿಭಾಗಕ್ಕೆ ಹೋಗಿ.

ಮಾತ್ರೆ ಶುರುವಾದರೆ ನಾಲ್ಕು ದಿನಕ್ಕೆ ಗುಣ ಕಾಣಲ್ಲ. ಖಿನ್ನತೆಯ ಮಾತ್ರೆಗೆ ಎರಡರಿಂದ ನಾಲ್ಕು ವಾರ, ಕೆಲವರಿಗೆ ಇನ್ನೂ ಜಾಸ್ತಿ ಬೇಕು. ಥೈರಾಯ್ಡ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಿ, 6ರಿಂದ 8 ವಾರ ಬಿಟ್ಟು ಮತ್ತೆ ಟಿಎಸ್ಎಚ್ ನೋಡಿಸಿ. ಅದು ಸರಿಹೋದ ಮೇಲೂ ಮನಸ್ಸು ಏಳದಿದ್ದರೆ ಆ ರಿಪೋರ್ಟ್ ಹಿಡಿದುಕೊಂಡೇ ಮತ್ತೆ ಡಾಕ್ಟರ ಹತ್ತಿರ ಹೋಗಿ.