ಅಗುಳು ಅಗುಳಾಗಿ ಉದುರುವ ತುರ್ಕಿ ಪಿಲಾವ್

ತುರ್ಕಿಯವರ ಪಿಲಾವ್ ಮಾಡಬೇಕು ಅಂತ ಆಸೆಪಟ್ಟವರು ಮೊದಲು ಮಸಾಲೆ ಡಬ್ಬಿಯನ್ನು ಪಕ್ಕಕ್ಕೆ ಸರಿಸಿಡಿ. ಚಕ್ಕೆ, ಲವಂಗ, ಪಲಾವ್ ಎಲೆ, ಶುಂಠಿ-ಬೆಳ್ಳುಳ್ಳಿ ಯಾವುದೂ ಬೇಡ. ಅಲ್ಲಿನ ಮನೆಗಳಲ್ಲಿ ದಿನನಿತ್ಯ ಮಾಡುವ ಪಿಲಾವ್‌ಗೆ ಬೇಕಾಗುವುದು ಅಕ್ಕಿ, ಬೆಣ್ಣೆ, ಉಪ್ಪು, ನೀರು, ಹೆಚ್ಚೆಂದರೆ ಒಂದು ಹಿಡಿ ಶಾವಿಗೆ. ಸಾಮಾನು ಕಡಿಮೆ ಅಂತ ಕೆಲಸ ಹಗುರವಲ್ಲ. ನಮ್ಮ ಪಲಾವ್‌ನಲ್ಲಿ ಅನ್ನ ಒಂದಿಷ್ಟು ಮೆತ್ತಗಾದರೂ ಮಸಾಲೆಯ ಘಮದಲ್ಲಿ ಅದು ಯಾರಿಗೂ ಗೊತ್ತಾಗುವುದಿಲ್ಲ. ಇದರಲ್ಲಿ ಹಾಗೆ ಮರೆಮಾಚಲು ಏನೂ ಇಲ್ಲ, ಅಕ್ಕಿಯೇ ಅಡುಗೆ. ಅದಕ್ಕೇ ತುರ್ಕಿಯ ಹಿರಿಯ ಹೆಂಗಸರು ಹೊಸ ಸೊಸೆಯ ಕೈಗುಣವನ್ನು ಪಿಲಾವ್ ನೋಡಿ ಹೇಳುತ್ತಾರೆ.

ನಾನು ಇದನ್ನು ಕಲಿತದ್ದು ಬರ್ಲಿನ್‌ನಲ್ಲಿ, ಮಗಳ ಮನೆಗೆ ಬಾಣಂತನಕ್ಕೆ ಹೋದಾಗ. 1961ರಲ್ಲಿ ಜರ್ಮನಿ ತುರ್ಕಿಯ ಜೊತೆ ಒಪ್ಪಂದ ಮಾಡಿಕೊಂಡು ಕೆಲಸಗಾರರನ್ನು ಕರೆಸಿಕೊಂಡಿತಲ್ಲ, ಹಾಗೆ ಬಂದು ನೆಲೆನಿಂತ ಕುಟುಂಬದ ಹಿರಿಯರೊಬ್ಬರು ಮೇಲಿನ ಮನೆಯಲ್ಲಿದ್ದರು. ನಮ್ಮಿಬ್ಬರಿಗೂ ಜರ್ಮನ್ ಅಷ್ಟಕ್ಕಷ್ಟೇ. ಒಲೆಯ ಮುಂದೆ ನಿಂತರೆ ಮಾತು ಬೇಕಾಗುತ್ತಿರಲಿಲ್ಲ. ಆಕೆ ಮಾಡುತ್ತಿದ್ದದ್ದನ್ನು ಕಣ್ಣಿಟ್ಟು ನೋಡಿ, ಆಮೇಲೆ ಇಲ್ಲಿನ ಅಕ್ಕಿ, ಇಲ್ಲಿನ ನೀರಿಗೆ ಹೊಂದಿಸಿಕೊಂಡದ್ದನ್ನು ಹೇಳುತ್ತೇನೆ.

ಅಕ್ಕಿಯ ವಿಷಯ ಮೊದಲು. ತುರ್ಕಿಯಲ್ಲಿ ಪಿಲಾವ್‌ಗೆ ಹೆಚ್ಚು ಜನ ಇಷ್ಟಪಡುವುದು ಬಾಲ್ಡೊ ಅನ್ನುವ ತಳಿ. ಇಟಲಿಯಿಂದ ಬಂದದ್ದು, ದಪ್ಪ ಕಾಳು, ನೀರನ್ನು ಚೆನ್ನಾಗಿ ಹೀರಿಕೊಂಡು ಉಬ್ಬುತ್ತದೆ. ಬಾಲಿಕೆಸಿರ್ ಪ್ರಾಂತ್ಯದ ಗೊನೆನ್ ಊರಿನ ಬಾಲ್ಡೊಗೆ ಹೆಸರಿದೆ. ಇನ್ನೊಂದು ಒಸ್ಮಾನ್‌ಜಿಕ್-97. ಎದಿರ್ನೆಯ ಕೃಷಿ ಸಂಶೋಧನಾ ಸಂಸ್ಥೆಯವರು ಬೆಳೆಸಿದ ತಳಿ ಇದು, ಬಾಲ್ಡೊಗಿಂತ ಕಾಳು ಸ್ವಲ್ಪ ಚಿಕ್ಕದು, ಬೆಲೆಯೂ ಕಡಿಮೆ. ತುರ್ಕಿಯ ಭತ್ತದ ದೊಡ್ಡ ಪಾಲು ಗ್ರೀಸ್ ಗಡಿಯ ಮೆರಿಚ್ ನದಿಯ ಬಯಲಿನಲ್ಲಿ, ಇಪ್ಸಲಾ, ಉಜುನ್‌ಕೊಪ್ರು ಕಡೆ ಬೆಳೆಯುತ್ತದೆ. ಯುರೋಪಿನಲ್ಲಿ ಇರುವ ನಮ್ಮ ಮಕ್ಕಳಿಗೆ ತುರ್ಕಿ ಅಂಗಡಿಗಳಲ್ಲಿ ಬಾಲ್ಡೊ ಸುಲಭವಾಗಿ ಸಿಗುತ್ತದೆ, ಅಲ್ಲಿರುವವರು ಬೇರೆ ಅಕ್ಕಿ ಹುಡುಕಲೇಬೇಡಿ. ಕರ್ನಾಟಕದಲ್ಲಿ ಕೂತು ಮಾಡುವವರಿಗೆ ಒಂದು ವರ್ಷ ಹಳೆಯದಾದ ಸೋನಾ ಮಸೂರಿ ಸಾಕು. ಹೊಸ ಅಕ್ಕಿ ಬೇಡ, ಅಂಟುತ್ತದೆ. ಕುಸುಬಲಕ್ಕಿಯೂ ಬೇಡ, ಬೆಣ್ಣೆಯ ರುಚಿ ಅದಕ್ಕೆ ಹತ್ತುವುದಿಲ್ಲ. ಬಾಸ್ಮತಿಯಲ್ಲಿ ಮಾಡಬಹುದು, ಆದರೆ ಅದರ ಪರಿಮಳವೇ ಮುಂದೆ ಬಂದು ನಿಂತುಬಿಡುತ್ತದೆ. ನನ್ನ ಓಟು ಸೋನಾ ಮಸೂರಿಗೆ.

ಇನ್ನು ತೊಳೆಯುವುದು. ಅರ್ಧ ಪಿಲಾವ್ ಇಲ್ಲೇ ಗೆಲ್ಲುವುದು ಅಥವಾ ಸೋಲುವುದು. ಅಕ್ಕಿಯ ಮೈಮೇಲೆ ಹಿಟ್ಟಿನ ಪುಡಿ ಕೂತಿರುತ್ತದೆ. ಅದು ನೀರಿನಲ್ಲಿ ಕುದಿದರೆ ಗಂಜಿಯಾಗಿ ಅಗುಳುಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಅದನ್ನು ಬಿಡಿಸಲು ತುರ್ಕಿಯವರು ಬಿಸಿ ನೀರು, ಉಪ್ಪು ಎರಡನ್ನೂ ಬಳಸುತ್ತಾರೆ. ಎರಡು ಲೋಟ ಅಕ್ಕಿಗೆ ಒಂದು ಚಮಚ ಉಪ್ಪು ಹಾಕಿ, ಬೆರಳು ತಡೆಯುವಷ್ಟು ಬಿಸಿ ಇರುವ ನೀರನ್ನು ಅಕ್ಕಿಯ ಮೇಲೆ ಎರಡು ಬೆರಳು ನಿಲ್ಲುವಷ್ಟು ಸುರಿದು ಬಿಡಿ. ನೀರು ತಣ್ಣಗಾಗುವವರೆಗೆ, ಅಂದರೆ ಇಪ್ಪತ್ತರಿಂದ ಮೂವತ್ತು ನಿಮಿಷ ನೆನೆಯಲಿ. ಸೋನಾ ಮಸೂರಿ ಸಪೂರ ಕಾಳು, ಅದಕ್ಕೆ ಉಗುರು ಬೆಚ್ಚಗಿನ ನೀರಿನಲ್ಲಿ ಹದಿನೈದು ನಿಮಿಷ ಸಾಕು. ಜಾಸ್ತಿ ನೆನೆದರೆ ಹುರಿಯುವಾಗ ನುಚ್ಚಾಗುತ್ತದೆ. ಆಮೇಲೆ ಆ ನೀರನ್ನು ಚೆಲ್ಲಿ, ತಣ್ಣೀರಿನಲ್ಲಿ ತೊಳೆಯುತ್ತಾ ಹೋಗಿ. ಅಂಗೈಯಲ್ಲಿ ಉಜ್ಜಬೇಡಿ, ಬೆರಳುಗಳನ್ನು ಅಗಲಿಸಿ ಮೆಲ್ಲಗೆ ಆಡಿಸಿದರೆ ಸಾಕು. ಅಕ್ಕಚ್ಚು ಹಾಲಿನ ಬಣ್ಣ ಬಿಟ್ಟು ಪಾತ್ರೆಯ ತಳ ಕಾಣುವಷ್ಟು ತಿಳಿಯಾಗಬೇಕು, ನಾಲ್ಕೈದು ಸಲ ನೀರು ಬದಲಾಯಿಸಬೇಕಾಗುತ್ತದೆ. ಮೊದಲ ನೀರಿಗೆ ಉಪ್ಪು ಬಿದ್ದಿದೆ, ಅದನ್ನು ಗಿಡಕ್ಕೆ ಹಾಕಬೇಡಿ. ಮುಂದಿನವನ್ನು ಧಾರಾಳವಾಗಿ ಹಾಕಿ.

ತೊಳೆದ ಅಕ್ಕಿಯನ್ನು ಜರಡಿಯಂಥ ತೂತಿನ ಪಾತ್ರೆಯಲ್ಲಿ ಹತ್ತು ನಿಮಿಷ ಸೋರಲು ಬಿಡಿ. ಅವಸರದವರು ಬಿಟ್ಟುಬಿಡುವುದು ಇದನ್ನೇ. ಅಕ್ಕಿಯಲ್ಲಿ ನೀರು ಉಳಿದರೆ ಅದು ಬೆಣ್ಣೆಯಲ್ಲಿ ಹುರಿಯುವುದಿಲ್ಲ, ಬೇಯುತ್ತದೆ. ಅಷ್ಟೇ ಅಲ್ಲ, ಅಳತೆಗೆ ಹಾಕಿದ ನೀರಿನ ಲೆಕ್ಕವೂ ತಪ್ಪುತ್ತದೆ.

ಪಾತ್ರೆ ದಪ್ಪ ತಳದ್ದು, ಅಗಲವಾದದ್ದು ಇರಲಿ. ಎತ್ತರದ ಕಿರಿದಾದ ಪಾತ್ರೆಯಲ್ಲಿ ಮೇಲಿನ ಅಕ್ಕಿಯ ಭಾರಕ್ಕೆ ಕೆಳಗಿನದು ಹಿಸುಕಿಹೋಗುತ್ತದೆ. ಎರಡು ಲೋಟ ಅಕ್ಕಿಗೆ ಎರಡು ದೊಡ್ಡ ಚಮಚ ಬೆಣ್ಣೆ, ಒಂದು ಚಮಚ ಎಣ್ಣೆ. ಲೋಟ ಅಂದರೆ ತುರ್ಕಿಯವರ ಲೆಕ್ಕದಲ್ಲಿ 200 ಮಿಲಿಲೀಟರ್ ಹಿಡಿಯುವ ನೀರಿನ ಲೋಟ. ಯಾವ ಲೋಟದಲ್ಲಿ ಅಕ್ಕಿ ಅಳೆದಿರೋ ಅದರಲ್ಲೇ ನೀರನ್ನೂ ಅಳೆಯಿರಿ, ಅಷ್ಟೇ. ಬೆಣ್ಣೆಯ ಬದಲು ತುಪ್ಪ ಹಾಕಬಹುದಾ ಅಂತ ಬಹಳ ಜನ ಕೇಳುತ್ತಾರೆ. ಖಂಡಿತ ಹಾಕಿ. ತುರ್ಕಿಯ ಆಗ್ನೇಯದ ಉರ್ಫಾ ಕಡೆ ಬೆಣ್ಣೆ ಕಾಯಿಸಿ ತೆಗೆದ ತುಪ್ಪಕ್ಕೆ ದೊಡ್ಡ ಹೆಸರು. ಅಲ್ಲಿನವರ ಪಿಲಾವ್‌ಗೆ ಅದೇ ಬೀಳುವುದು.

ಬೆಣ್ಣೆ ಕರಗಿದ ಮೇಲೆ ಶಾವಿಗೆ. ಅವರು ಜವೆಗೋಧಿ ಕಾಳಿನ ಆಕಾರದ ಸಣ್ಣ ಶಾವಿಗೆಯನ್ನೋ, ಮುರಿದ ಎಳೆ ಶಾವಿಗೆಯನ್ನೋ ಹಾಕುತ್ತಾರೆ, ಎರಡು ಮೂರು ದೊಡ್ಡ ಚಮಚದಷ್ಟು. ಅಂಗಡಿಯ ಹುರಿದ ಶಾವಿಗೆ ಪ್ಯಾಕೆಟ್ ಇದ್ದರೂ ಇನ್ನೊಮ್ಮೆ ಹುರಿಯಲೇಬೇಕು. ಹೊಂಬಣ್ಣಕ್ಕೆ ನಿಲ್ಲಿಸದೆ ಚೆನ್ನಾಗಿ ಕಂದು ಬಣ್ಣಕ್ಕೆ ತಿರುಗುವವರೆಗೆ ಕೈಯಾಡಿಸಿ. ಬೆಂದ ಮೇಲೆ ಬಣ್ಣ ಇಳಿಯುತ್ತದೆ, ಬಿಳಿ ಅನ್ನದ ನಡುವೆ ಅದು ಎದ್ದು ಕಾಣಬೇಕು. ಆ ಕಂದು ಬಣ್ಣದಲ್ಲೇ ಇಡೀ ಪಿಲಾವ್‌ನ ಘಮ ಇರುವುದು. ಕಂದಿನಿಂದ ಕಪ್ಪಿಗೆ ತಿರುಗಲು ಹೆಚ್ಚು ಹೊತ್ತು ಬೇಡ, ಆದ್ದರಿಂದ ಫೋನ್ ಬಂದರೂ ಒಲೆ ಬಿಟ್ಟು ಹೋಗಬೇಡಿ.

ಈಗ ಸೋರಿದ ಅಕ್ಕಿ ಹಾಕಿ, ಮಧ್ಯಮ ಉರಿಯಲ್ಲಿ ನಾಲ್ಕೈದು ನಿಮಿಷ ಮರದ ಸಟ್ಟುಗದಿಂದ ತಿರುವಿ. ಮೊದಲು ಚುರ್ ಅಂದು ಹಬೆ ಏಳುತ್ತದೆ, ಅಕ್ಕಿ ಸಟ್ಟುಗಕ್ಕೆ ಮೆತ್ತಿಕೊಳ್ಳುತ್ತದೆ. ಗಾಬರಿ ಬೇಡ, ತಿರುವುತ್ತಿರಿ. ಒಂದೆರಡು ನಿಮಿಷಕ್ಕೆ ಹಬೆ ನಿಂತು ಸದ್ದು ಬದಲಾಗುತ್ತದೆ. ಅಕ್ಕಿ ಪಾತ್ರೆಯ ತಳಕ್ಕೆ ತಾಗಿದರೆ ಗರಗರ ಅನ್ನುತ್ತದೆ. ಬಗ್ಗಿ ನೋಡಿದರೆ ಪ್ರತಿ ಕಾಳಿನ ಅಂಚು ಗಾಜಿನಂತೆ ಪಾರದರ್ಶಕವಾಗಿ, ನಡುವೆ ಮಾತ್ರ ಬಿಳಿ ಚುಕ್ಕೆ ಉಳಿದಿರುತ್ತದೆ. ಅದೇ ಹದ. ಪ್ರತಿ ಕಾಳಿನ ಸುತ್ತ ಜಿಡ್ಡಿನ ಪೊರೆ ಕೂತಿದೆ ಅಂತ ಅರ್ಥ, ಇನ್ನು ಅವು ಸುಲಭಕ್ಕೆ ಅಂಟಿಕೊಳ್ಳುವುದಿಲ್ಲ. ಅಕ್ಕಿ ಕೆಂಪಗಾಗಲು ಬಿಡಬಾರದು, ಕೆಂಪಾದ ಕಾಳಿನ ನಡು ಗಟ್ಟಿಯಾಗಿಯೇ ಉಳಿಯುತ್ತದೆ.

ನೀರು ಕುದಿಯುತ್ತಿರುವುದೇ ಬೇಕು. ಪಕ್ಕದ ಒಲೆಯಲ್ಲಿ ಮೊದಲೇ ಇಟ್ಟುಕೊಳ್ಳಿ. ಬಿಸಿ ಅಕ್ಕಿಗೆ ತಣ್ಣೀರು ಸುರಿದರೆ ಮತ್ತೆ ಕುದಿ ಬರುವಷ್ಟರಲ್ಲಿ ಅಕ್ಕಿ ಸುಮ್ಮನೆ ನೆನೆದು ಮೆತ್ತಗಾಗುತ್ತದೆ. ನೆನೆಸಿದ ಬಾಲ್ಡೊ ಒಂದು ಲೋಟಕ್ಕೆ ಒಂದೂವರೆ ಲೋಟ ನೀರು, ಹಳೆಯ ಸೋನಾ ಮಸೂರಿಗೆ ಒಂದೂಮುಕ್ಕಾಲು. ಮಾಂಸ ತಿನ್ನುವವರು ನೀರಿನ ಬದಲು ಕೋಳಿ ಅಥವಾ ಕುರಿ ಮೂಳೆ ಬೇಯಿಸಿದ ರಸ ಹಾಕುತ್ತಾರೆ. ಪಿಲಾವನ್ನು ಬರಿದಾಗಿ ತಿನ್ನುವುದಾದರೆ ರಸ ಚೆನ್ನ. ಪಕ್ಕದಲ್ಲಿ ಗೊಜ್ಜಿನಂಥದ್ದು ಏನಾದರೂ ಇದ್ದರೆ ನೀರೇ ಸರಿ, ಎರಡು ರುಚಿ ಜಗಳಾಡುವುದಿಲ್ಲ. ಒಂದೂವರೆ ಚಿಕ್ಕ ಚಮಚ ಉಪ್ಪು ಹಾಕಿ ನೀರಿನ ರುಚಿ ನೋಡಿ, ಸಾರಿಗಿಂತ ಒಂದು ಕೈ ಮೇಲಿರಬೇಕು. ಇಲ್ಲೇ ಅರ್ಧ ಚಿಕ್ಕ ಚಮಚ ನಿಂಬೆರಸ ಹಿಂಡಿ. ಹುಳಿಗಲ್ಲ, ಬಿಳುಪಿಗೆ. ಬೋರ್‌ವೆಲ್‌ನ ಗಡಸು ನೀರಿನಲ್ಲಿ ಅನ್ನ ಹಳದಿಗೆ ತಿರುಗುವುದನ್ನು ನೀವೇ ನೋಡಿರುತ್ತೀರಿ, ನಿಂಬೆಯ ಆಮ್ಲ ಅದನ್ನು ತಡೆಯುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟಿನವರಿಗೆ ಇದು ದಿನದ ಅನ್ನಕ್ಕೂ ಉಪಯೋಗಕ್ಕೆ ಬರುತ್ತದೆ.

ನೀರು ಹಾಕಿ ಒಂದೇ ಸಲ ಕೆದಕಿ, ಆಮೇಲೆ ಸಟ್ಟುಗವನ್ನು ದೂರ ಇಡಿ. ಎರಡು ನಿಮಿಷ ಜೋರು ಕುದಿ, ನಂತರ ಉರಿಯನ್ನು ಪೂರ್ತಿ ಸಣ್ಣಗೆ ಮಾಡಿ ಮುಚ್ಚಳ ಹಾಕಿ. ಹನ್ನೆರಡರಿಂದ ಹದಿನೈದು ನಿಮಿಷಕ್ಕೆ ನೀರು ಇಂಗಿ ಅನ್ನದ ಮೇಲೆ ಅಲ್ಲಲ್ಲಿ ಸಣ್ಣ ಸಣ್ಣ ತೂತುಗಳು ಕಾಣುತ್ತವೆ. ತೂತಿನೊಳಗೆ ನೀರು ಗುಳುಗುಳು ಅನ್ನದಿದ್ದರೆ ಒಲೆ ಆರಿಸಿ. ನಡುವೆ ಕೆದಕಿ ನೋಡುವ ಚಪಲ ಬೇಡ, ಕೆದಕಿದಷ್ಟೂ ಅಗುಳು ಮುರಿದು ಗಂಜಿ ಬಿಡುತ್ತದೆ.

ಒಲೆ ಆರಿಸಿದೆವು, ಬಡಿಸೋಣ ಅನ್ನುವವರು ಇಲ್ಲಿ ಕಿವಿಗೊಡಿ. ಮುಚ್ಚಳ ತೆಗೆದು, ಪಾತ್ರೆಯ ಬಾಯಿಗೆ ಒಗೆದ ಹತ್ತಿ ಬಟ್ಟೆಯೊಂದನ್ನು ಹಾಸಿ, ಅದರ ಮೇಲೆ ಮುಚ್ಚಳ ಬಿಗಿಯಾಗಿ ಒತ್ತಿ. ಬಟ್ಟೆಯ ಅಂಚುಗಳನ್ನು ಮುಚ್ಚಳದ ಮೇಲಕ್ಕೆ ಮಡಚಿಬಿಡಿ, ಕೆಳಗೆ ಜೋತುಬಿದ್ದರೆ ಪಕ್ಕದ ಒಲೆಯ ಉರಿ ತಾಗೀತು. ಹೀಗೆ ಹದಿನೈದರಿಂದ ಇಪ್ಪತ್ತು ನಿಮಿಷ ಇರಲಿ. ತಳದ ಅನ್ನದಲ್ಲಿರುವ ತೇವ ಈ ಹೊತ್ತಿನಲ್ಲಿ ಮೇಲೇರಿ ಎಲ್ಲ ಅಗುಳಿಗೂ ಸಮನಾಗಿ ಹಂಚಿಕೆಯಾಗುತ್ತದೆ. ಮೇಲೇರಿದ ಹಬೆ ಮುಚ್ಚಳಕ್ಕೆ ಬಡಿದು ಹನಿಯಾಗಿ ಅನ್ನದ ಮೇಲೆ ಬೀಳುವ ಬದಲು ಬಟ್ಟೆಗೆ ಹಿಡಿಯುತ್ತದೆ. ಆಗ ತಾನೇ ಬೆಂದ ಅಗುಳು ಮೆತ್ತಗೆ, ಮುಟ್ಟಿದರೆ ಮುರಿಯುವಂತಿರುತ್ತದೆ, ಕೊಂಚ ಆರಿದರೆ ಗಟ್ಟಿಯಾಗಿ ನಿಲ್ಲುತ್ತದೆ. ಮನೆಯವರು ಹಸಿವು ಹಸಿವು ಅಂದರೂ ಈ ಇಪ್ಪತ್ತು ನಿಮಿಷ ಬಿಟ್ಟುಕೊಡಬೇಡಿ. ತೊಳೆಯುವುದರಲ್ಲಿ, ಹುರಿಯುವುದರಲ್ಲಿ ಎಷ್ಟೇ ಶ್ರದ್ಧೆಯಿಂದ ಮಾಡಿದ್ದರೂ ಇಲ್ಲಿ ಕಾಯದಿದ್ದರೆ ಅದೆಲ್ಲ ನೀರಿಗೆ ಹಾಕಿದ ಹೋಮ. ಆಮೇಲೆ ಮರದ ಸಟ್ಟುಗವನ್ನು ಅಂಚಿನಿಂದ ಇಳಿಸಿ, ತಳದಿಂದ ಮೇಲಕ್ಕೆ ಎತ್ತಿ ಎತ್ತಿ ಬಿಡಿಸಿ.

ಕೆಲವು ಸಲ ಎಲ್ಲ ಮಾಡಿಯೂ ಅಗುಳಿನ ನಡು ಗಟ್ಟಿಯಾಗಿ ಉಳಿಯುತ್ತದೆ. ಆಗ ನಾಲ್ಕು ಚಮಚ ಕುದಿನೀರನ್ನು ಮೇಲೆ ಚಿಮುಕಿಸಿ, ಬಟ್ಟೆ ಮುಚ್ಚಿ, ತವೆಯ ಮೇಲೆ ಪಾತ್ರೆ ಇಟ್ಟು ಐದು ನಿಮಿಷ ಸಣ್ಣ ಉರಿ ಕೊಡಿ. ನೀರು ಜಾಸ್ತಿಯಾಗಿದ್ದರೆ ಅಗಲವಾದ ತಟ್ಟೆಗೆ ಹರಡಿ ಆರಲು ಬಿಡಿ, ಸ್ವಲ್ಪ ಸುಧಾರಿಸುತ್ತದೆ. ಕುಕ್ಕರ್‌ನಲ್ಲಿ ಆಗುವುದಿಲ್ಲವಾ ಅಂದರೆ, ಅನ್ನ ಆಗುತ್ತದೆ, ಪಿಲಾವ್ ಆಗುವುದಿಲ್ಲ. ಒತ್ತಡದಲ್ಲಿ ಅಗುಳು ಬಿರಿದುಬಿಡುತ್ತದೆ. ಅದೇ ಕುಕ್ಕರ್ ಪಾತ್ರೆಯನ್ನು ಗ್ಯಾಸ್ಕೆಟ್ ತೆಗೆದು, ಮೇಲೆ ತಟ್ಟೆ ಮುಚ್ಚಿ ಬಳಸಿ, ತಳ ದಪ್ಪ ಇರುವುದರಿಂದ ಒಳ್ಳೆಯದೇ.

ಹುರಿಯದೆ ಮಾಡುವ ದಾರಿಗಳೂ ತುರ್ಕಿಯಲ್ಲಿವೆ. ಬೆಣ್ಣೆ, ಉಪ್ಪು ಹಾಕಿ ಕುದಿಸಿದ ನೀರಿಗೆ ನೇರವಾಗಿ ಅಕ್ಕಿ ಬಿಡುವುದು ಒಂದು. ತುಂಬ ನೀರಿನಲ್ಲಿ ಬೇಯಿಸಿ ಬಸಿದು, ಮೇಲೆ ಕಾಯಿಸಿದ ಬೆಣ್ಣೆ ಸುರಿಯುವುದು ಇನ್ನೊಂದು. ಬಸಿದ ಅನ್ನದ ಅಭ್ಯಾಸ ನಮ್ಮ ಹಳೆಯ ತಲೆಮಾರಿಗೆ ಚೆನ್ನಾಗಿಯೇ ಗೊತ್ತು, ಅಂಥವರು ಬೇಕಾದರೆ ಹಾಗೆ ಮಾಡಿಕೊಳ್ಳಲಿ. ರುಚಿ ಮಾತ್ರ ಹುರಿದದ್ದರದ್ದೇ.

ಜೊತೆಗೆ ಏನು ಅಂದರೆ, ಅಲ್ಲಿ ಕಣ್ಣು ಮುಚ್ಚಿ ಹೇಳುವ ಉತ್ತರ ಕುರು ಫಸೂಲ್ಯೆ. ರಾತ್ರಿ ನೆನೆಸಿದ ಬಿಳಿ ರಾಜ್ಮಾದಂಥ ಕಾಳನ್ನು ಈರುಳ್ಳಿ, ಟೊಮೆಟೊ ಪೇಸ್ಟ್, ಬೆಣ್ಣೆಯಲ್ಲಿ ನಿಧಾನಕ್ಕೆ ಬೇಯಿಸಿದ ಗಟ್ಟಿ ಸಾರು. ಪಕ್ಕದಲ್ಲಿ ಉಪ್ಪುನೀರು, ವಿನೆಗರ್‌ನಲ್ಲಿ ಹಾಕಿದ ಸೌತೆ, ಎಲೆಕೋಸಿನ ಉಪ್ಪಿನಕಾಯಿ, ಕುಡಿಯಲು ಐರಾನ್, ಅಂದರೆ ಉಪ್ಪು ಹಾಕಿ ಕಡೆದ ಮಜ್ಜಿಗೆ. ಸಸ್ಯಾಹಾರಿಗಳ ಮನೆಗೂ ಇದು ಹೇಳಿ ಮಾಡಿಸಿದ ಊಟ. ಬೇಯಿಸಿದ ಕಾಬೂಲಿ ಕಡಲೆ ಬೆರೆಸಿದ ಪಿಲಾವ್ ಇಸ್ತಾಂಬುಲ್‌ನ ಬೀದಿಗಳಲ್ಲಿ ಗಾಜಿನ ಗಾಡಿಗಳಲ್ಲಿ ಸಿಗುತ್ತದೆ, ರಾತ್ರಿ ಕೆಲಸ ಮುಗಿಸಿದವರು ನಿಂತು ತಿನ್ನುತ್ತಾರೆ. ಇಸ್ತಾಂಬುಲ್ ಗೆದ್ದ ಸುಲ್ತಾನ ಎರಡನೆಯ ಮೆಹ್ಮೆತ್‌ನ ಮಂತ್ರಿ ಮಹ್ಮೂದ್ ಪಾಶಾ ಔತಣದ ಪಿಲಾವ್‌ನಲ್ಲಿ ಕಡಲೆಕಾಳಿನಾಕಾರದ ಚಿನ್ನದ ಗುಂಡುಗಳನ್ನು ಬೆರೆಸಿಡುತ್ತಿದ್ದ, ಯಾರ ಚಮಚಕ್ಕೆ ಬಂತೋ ಅವರದ್ದು ಅಂತ ಒಂದು ಕಥೆ ಅಲ್ಲಿ ಈಗಲೂ ಹೇಳುತ್ತಾರೆ. ಕಡಲೆ ಹಾಕುವವರು ಬೇರೆಯಾಗಿ ಬೇಯಿಸಿ, ಸಿಪ್ಪೆ ತೆಗೆದು, ನೀರು ಹಾಕುವ ಹೊತ್ತಿಗೆ ಸೇರಿಸಿ.

ಹಬ್ಬಕ್ಕೆ ಮಾಡುವ ಇಚ್ ಪಿಲಾವ್‌ಗೆ ಮಾತ್ರ ಮಸಾಲೆ ಬೀಳುತ್ತದೆ. ಈರುಳ್ಳಿ, ಪೈನ್ ಬೀಜ, ಸಣ್ಣ ಕರಿ ಒಣದ್ರಾಕ್ಷಿ, ದಾಲ್ಚಿನ್ನಿ ಪುಡಿ, ಕೊನೆಗೆ ಸಬ್ಬಸಿಗೆ ಸೊಪ್ಪು. ಪೈನ್ ಬೀಜ ಬಲು ದುಬಾರಿ, ಗೋಡಂಬಿ ಚೂರು ಹಾಕಿದರೂ ನಡೆಯುತ್ತದೆ. ಆದರೆ ಸಾದಾ ಪಿಲಾವ್ ಕೈಗೆ ಬಂದ ಮೇಲೆ ಇದಕ್ಕೆ ಕೈಹಾಕಿ.

ಉಳಿದರೆ ಒಲೆಯ ಮೇಲೆ ಗಂಟೆಗಟ್ಟಲೆ ಬಿಡಬೇಡಿ, ಬೆಂದ ಅನ್ನ ಬೆಚ್ಚಗೆ ಹೊರಗೇ ಇದ್ದರೆ ಹೊಟ್ಟೆ ಕೆಡಿಸುತ್ತದೆ. ಆರಿದ ಕೂಡಲೇ ಫ್ರಿಜ್‌ಗೆ. ಮರುದಿನ ಎರಡು ಚಮಚ ನೀರು ಚಿಮುಕಿಸಿ ಮುಚ್ಚಿ ಬಿಸಿಮಾಡಿ. ಬಿಸಿಮಾಡಿದ್ದು ಬೇಡ ಅನ್ನುವವರು ತುರ್ಕಿಯವರ ಮೊಸರಿನ ಸೂಪ್ ಮಾಡಿ. ಒಂದು ಲೋಟ ಗಟ್ಟಿ ಮೊಸರಿಗೆ ಒಂದು ಚಮಚ ಮೈದಾ, ಬೇಕಿದ್ದರೆ ಒಂದು ಮೊಟ್ಟೆಯ ಹಳದಿ ಸೇರಿಸಿ ಗಂಟಿಲ್ಲದಂತೆ ಕಲಸಿ, ಮೂರು ಲೋಟ ನೀರಿನಲ್ಲಿ ಕುದಿಸಿದ ಪಿಲಾವ್‌ನ ಬಿಸಿ ನೀರನ್ನು ಸೌಟು ಸೌಟಾಗಿ ಅದಕ್ಕೆ ಬೆರೆಸಿ, ಆಮೇಲೆ ಎಲ್ಲವನ್ನೂ ಪಾತ್ರೆಗೆ ಸುರಿದು ಒಂದೇ ದಿಕ್ಕಿಗೆ ತಿರುವುತ್ತಾ ಸಣ್ಣ ಕುದಿ ಬರಿಸಿ. ಉಪ್ಪು ಕೊನೆಗೆ ಹಾಕಿ, ಮೊದಲೇ ಬಿದ್ದರೆ ಮೊಸರು ಒಡೆಯಬಹುದು. ಒಂದು ಚಮಚ ಬೆಣ್ಣೆ ಬಿಸಿಮಾಡಿ, ಉರಿ ಆರಿಸಿ, ಒಣಗಿಸಿದ ಪುದೀನ ಪುಡಿಯನ್ನು ಅದಕ್ಕೆ ಹಾಕಿ ತಕ್ಷಣ ಸೂಪಿನ ಮೇಲೆ ಸುರಿಯಿರಿ. ಉರಿಯ ಮೇಲೆಯೇ ಪುದೀನ ಹಾಕಿದರೆ ಕಹಿಯಾಗುತ್ತದೆ.